ಪರಂಗಿ ಹಾಲಿನಿಂದ ಶುರುವಾದ ಕಂಪನಿ
ಹೊಸ ಉದ್ಯಮಕ್ಕೆ ಕೈ ಹಾಕುವ ಅನೇಕರು ಮೊದಲು ಕಚೇರಿಗೆ ಜಾಗ ನೋಡುತ್ತಾರೆ, ಆಮೇಲೆ ಹಣ ಹಾಕುವವರನ್ನು ಹುಡುಕುತ್ತಾರೆ. ಸರಕನ್ನು ಕೊಳ್ಳುವವರು ಯಾರೆಂಬ ಪ್ರಶ್ನೆ ಕೊನೆಗೆ ಉಳಿದುಬಿಡುತ್ತದೆ. ಅಂಥವರು ಜೈವಿಕ ತಂತ್ರಜ್ಞಾನ ಕಂಪನಿ ಬಯೋಕಾನ್‌ನ ಮೊದಲ ದಿನಗಳನ್ನು ಗಮನಿಸಬೇಕು. ಅದರ ಸ್ಥಾಪಕಿ ಕಿರಣ್ ಮಜುಂದಾರ್ ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಕಲಿತು ಬಂದಿದ್ದರು, ಆದರೆ ಹೆಣ್ಣೆಂಬ ಕಾರಣಕ್ಕೆ ಇಲ್ಲಿ ಆ ಕೆಲಸ ಸಿಗಲಿಲ್ಲ. 1978ರಲ್ಲಿ, 25ರ ವಯಸ್ಸಿನಲ್ಲಿ, ಐರ್ಲೆಂಡಿನ ಕಂಪನಿಯೊಂದರ ಜೊತೆಗೂಡಿ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 10,000 ರೂಪಾಯಿ ಬಂಡವಾಳದೊಂದಿಗೆ ಕೆಲಸ ಆರಂಭಿಸಿದರು. ತಯಾರಿಸಿದ್ದು ಎರಡೇ ಪದಾರ್ಥ: ಪರಂಗಿ ಕಾಯಿಯ ಹಾಲಿನಿಂದ ಪಪೈನ್ ಎಂಬ ಕಿಣ್ವ, ಮೀನಿನ ಗಾಳಿಚೀಲದಿಂದ ಬಿಯರ್ ತಿಳಿಗೊಳಿಸುವ ಐಸಿಂಗ್ಲಾಸ್. ಎರಡೂ ಅವರು ಕಲಿತ ವಿದ್ಯೆಗೆ ಹತ್ತಿರದವು, ಕಚ್ಚಾವಸ್ತು ನಮ್ಮ ನೆಲದಲ್ಲೇ ಸಿಗುವಂಥದ್ದು, ಬೇಡಿಕೆ ಹೊರದೇಶಗಳಲ್ಲಿ ಆಗಲೇ ಇದ್ದದ್ದು. ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು, ಜನ ಕೆಲಸಕ್ಕೆ ಸೇರಲೂ ಅನುಮಾನಿಸಿದರು. ಆದರೂ ವರ್ಷದೊಳಗೆ ಅಮೆರಿಕ, ಯುರೋಪಿಗೆ ಕಿಣ್ವ ರಫ್ತಾಯಿತು. ಆ ಮೊದಲ ಗಳಿಕೆಯನ್ನು ಅವರು ಖರ್ಚು ಮಾಡಲಿಲ್ಲ. ಮುಂದಿನ ವಿಸ್ತರಣೆಗೆಂದು 20 ಎಕರೆ ಜಮೀನು ಕೊಂಡರು. ಇಂದು ಉದ್ಯಮಕ್ಕಿಳಿಯುವವರಿಗೂ ಇದೇ ಕ್ರಮ ಒಳ್ಳೆಯದು. ಗೊತ್ತಿರುವ ವಿದ್ಯೆಯಿಂದ ಒಂದೆರಡು ಸರಕು ಆರಿಸಿಕೊಳ್ಳಲಿ, ಬಾಡಿಗೆ ಕಟ್ಟುವ ಮೊದಲೇ ಗಿರಾಕಿಯನ್ನು ಕಂಡು ಮಾತಾಡಲಿ, ಮೊದಲ ಲಾಭವನ್ನು ಉದ್ಯಮಕ್ಕೇ ತಿರುಗಿಸಲಿ. ದೊಡ್ಡದು ನಿಧಾನವಾಗಿ ಬಂದರೂ ಚಿಂತೆಯಿಲ್ಲ: ಬಯೋಕಾನ್ ಷೇರುಪೇಟೆಗೆ ಬಂದದ್ದು 2004ರಲ್ಲಿ, ಗ್ಯಾರೇಜಿನಲ್ಲಿ ಕೆಲಸ ಶುರುವಾಗಿ 26 ವರ್ಷಗಳಾದ ಮೇಲೆ.