ಖಿನ್ನತೆಯ ಮಾತ್ರೆ ಶುರುವಾದ ಮೊದಲ ವಾರಗಳ ನಿದ್ದೆಯ ತೊಂದರೆ ಕುರಿತು ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ,
ಬೆಂಗಳೂರು.

ಇವರಿಂದ,
ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವರು ಹಾಗೂ ಅವರ ಮನೆಯವರು,
ಹಾವೇರಿ ಜಿಲ್ಲೆ.

ವಿಷಯ: ಖಿನ್ನತೆಗೆ ಹೊಸದಾಗಿ ಮಾತ್ರೆ ಆರಂಭಿಸಿದವರ ನಿದ್ದೆಯ ತೊಂದರೆಗಳ ಬಗ್ಗೆ ಮುಂಚಿತವಾಗಿ ಕನ್ನಡದಲ್ಲಿ ಮಾಹಿತಿ ನೀಡುವುದು ಮತ್ತು ಮೊದಲ ವಾರಗಳಲ್ಲೇ ವಿಚಾರಿಸುವ ವ್ಯವಸ್ಥೆ ಮಾಡುವುದು.

ಮಾನ್ಯರೇ,

ಈ ಪತ್ರಕ್ಕೆ ಸಹಿ ಹಾಕಿರುವ ನಾವು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು, ತೆಗೆದುಕೊಂಡು ಗುಣವಾದವರು, ಅಂಥವರ ಪಕ್ಕದಲ್ಲಿ ರಾತ್ರಿಯೆಲ್ಲ ಎದ್ದು ಕೂತವರು. ಮಾತ್ರೆಯ ವಿರುದ್ಧ ನಮ್ಮ ತಕರಾರಿಲ್ಲ. ನಮ್ಮಲ್ಲಿ ಹಲವರು ಇವತ್ತು ಹೊಲಕ್ಕೆ, ಶಾಲೆಗೆ, ಅಂಗಡಿಗೆ ಹೋಗುತ್ತಿರುವುದೇ ಅದರ ದೆಸೆಯಿಂದ. ನಮ್ಮ ತಕರಾರು ಇಷ್ಟೇ: ಮಾತ್ರೆ ಶುರು ಮಾಡಿದ ಮೊದಲ ಎರಡು-ಮೂರು ವಾರ ನಿದ್ದೆ ಏನಾಗಬಹುದು ಎಂದು ಯಾರೂ ಮೊದಲೇ ಹೇಳುವುದಿಲ್ಲ, ಆಮೇಲೆ ಕೇಳುವುದೂ ಇಲ್ಲ. ಎಷ್ಟೋ ಜನರ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಅಲ್ಲಿಯೇ.

ಈ ಮಾತ್ರೆಗಳ ಗುಣ ಕಾಣಲು ಎರಡರಿಂದ ಆರು ವಾರ ಬೇಕೆಂಬುದು ತಮಗೆ ತಿಳಿದದ್ದೇ. ತೊಂದರೆ ಮಾತ್ರ ಅಷ್ಟು ದಿನ ಕಾಯುವುದಿಲ್ಲ, ಮೊದಲ ವಾರವೇ ಬರುತ್ತದೆ. ಫ್ಲೂಆಕ್ಸೆಟಿನ್, ಸರ್ಟ್ರಾಲಿನ್, ಎಸಿಟಲೊಪ್ರಾಮ್ ತೆಗೆದುಕೊಂಡ ಕೆಲವರಿಗೆ ರಾತ್ರಿ ಎರಡಾದರೂ ಕಣ್ಣು ಮುಚ್ಚುವುದಿಲ್ಲ. ಅದೇ ಮಾತ್ರೆ ನುಂಗಿದ ಇನ್ನೊಬ್ಬರು ಹಗಲೆಲ್ಲ ತೂಕಡಿಸುತ್ತಾರೆ. ಕನಸು ಬೀಳುವ ಹೊತ್ತಿನ ನಿದ್ದೆಯನ್ನು ಈ ಔಷಧಗಳು ತಗ್ಗಿಸಿ, ಹಿಂದಕ್ಕೆ ತಳ್ಳುತ್ತವೆ. ನಿದ್ದೆ ನಡುನಡುವೆ ಒಡೆಯುವುದರಿಂದ ಬಿದ್ದ ಕನಸು ಕಣ್ಣಿಗೆ ಕಟ್ಟಿದಂತೆ ನೆನಪಿರುತ್ತದೆ. ಕೆಲವರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ, ಕೆಲವರಿಗೆ ಮಲಗಿದ ಕೂಡಲೇ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಬಹುತೇಕರಲ್ಲಿ ಇದು ಕೆಲವೇ ವಾರಗಳಲ್ಲಿ ಇಳಿಯುತ್ತದೆ, ಉಳಿದವರಿಗೆ ಮಾತ್ರೆಯ ಹೊತ್ತನ್ನೋ ಪ್ರಮಾಣವನ್ನೋ ಮಾತ್ರೆಯನ್ನೇ ಬದಲಿಸಿ ವೈದ್ಯರು ದಾರಿ ಮಾಡುತ್ತಾರೆ. ಅಂದರೆ ಉಪಾಯವಿಲ್ಲದ ಕಷ್ಟವೇನಲ್ಲ ಇದು. ಹೇಳದೆ ಬಿಟ್ಟಿದ್ದರಿಂದ ದೊಡ್ಡದಾಗುವ ಕಷ್ಟ.

ಹೇಳದಿದ್ದಾಗ ಜನ ಏನು ಮಾಡುತ್ತಾರೆಂಬುದನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ಒಂದಷ್ಟು ಜನ "ಮಾತ್ರೆ ಒಗ್ಗಲಿಲ್ಲ" ಎಂದು ಒಮ್ಮೆಲೇ ಬಿಡುತ್ತಾರೆ. ಕೆಲವು ವಾರ ತೆಗೆದುಕೊಂಡ ಮೇಲೆ ಹಾಗೆ ಬಿಟ್ಟರೆ ತಲೆ ಸುತ್ತು, ಕಿರಿಕಿರಿ, ಇನ್ನಷ್ಟು ನಿದ್ದೆಗೇಡು. ಅದನ್ನೂ ಮಾತ್ರೆಯ ಲೆಕ್ಕಕ್ಕೇ ಬರೆದುಕೊಂಡು ಮತ್ತೆ ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ಇನ್ನು ಕೆಲವರು ಮೆಡಿಕಲ್ ಶಾಪಿಗೆ ಹೋಗಿ ನಿದ್ದೆ ಮಾತ್ರೆ ಕೇಳುತ್ತಾರೆ. ಗಂಡಸರಲ್ಲಿ ಹಲವರು ಸಂಜೆ ಬಾಟಲಿಯ ಮೊರೆ ಹೋಗುತ್ತಾರೆ. ಕುಡಿದರೆ ಬೇಗ ಕಣ್ಣು ಹತ್ತುವುದು ನಿಜ, ನಡುರಾತ್ರಿ ಎಚ್ಚರವಾಗುವುದೂ ಅಷ್ಟೇ ನಿಜ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆಗಳಿರುವವರಲ್ಲಿ ಶೇ 85ರಷ್ಟು ಜನ ಚಿಕಿತ್ಸೆಯ ಹೊರಗಿದ್ದರು. ಜನರ ಬಾಯಿಗೆ ಹೆದರಿ, ಮನೆಯವರನ್ನು ಒಪ್ಪಿಸಿ, ಬಸ್ಸು ಹತ್ತಿ ಬಂದ ಉಳಿದ ಅಷ್ಟಿಷ್ಟು ಮಂದಿಯನ್ನು ನಾಲ್ಕು ರಾತ್ರಿಯ ನಿದ್ದೆಗಾಗಿ ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಇದು ಬರೀ ಉಪಕಾರದ ಮಾತಲ್ಲ. 29 ಮೇ 2018ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 22ನೇ ಕಲಮು, ಕೊಡಲಿರುವ ಚಿಕಿತ್ಸೆ ಮತ್ತು ಅದರ ಗೊತ್ತಿರುವ ಅಡ್ಡಪರಿಣಾಮಗಳನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ ತಿಳಿಸಬೇಕು ಎನ್ನುತ್ತದೆ. ಮಾತ್ರೆಯ ಡಬ್ಬಿಯೊಳಗೆ ಹಾಳೆಯೇನೋ ಕೆಲವೊಮ್ಮೆ ಇರುತ್ತದೆ. ಸಾಸಿವೆಗಿಂತ ಸಣ್ಣ ಇಂಗ್ಲಿಷ್ ಅಕ್ಷರದ ಆ ಹಾಳೆಯನ್ನು ಕಾಯ್ದೆ ಹೇಳುವ ಮಾಹಿತಿ ಎಂದು ಯಾರಾದರೂ ವಾದಿಸಿದರೆ, ಅವರು ಅದನ್ನು ನಮ್ಮ ಎದುರಿಗೆ ಒಮ್ಮೆ ಓದಿ ತೋರಿಸಲಿ.

ಆದ್ದರಿಂದ ನಮ್ಮ ಬೇಡಿಕೆಗಳು ಇವು.

ಮೊದಲನೆಯದು ಮತ್ತು ಮುಖ್ಯವಾದದ್ದು, ಒಂದು ಪುಟದ ಕನ್ನಡ ಹಾಳೆ. ಖಿನ್ನತೆಗೆ ಮೊದಲ ಸಲ ಮಾತ್ರೆ ಬರೆದುಕೊಡುವಾಗಲೇ, ಸರ್ಕಾರಿ ಆಸ್ಪತ್ರೆಯಿರಲಿ ಖಾಸಗಿಯಿರಲಿ, ಅದು ಕೈಗೆ ಸಿಗಬೇಕು. ಯಾವ ಮಾತ್ರೆ ಯಾವ ಹೊತ್ತಿಗೆ, ಏಕೆ ಎಂಬುದು ಅದರಲ್ಲಿರಬೇಕು. "ತಲೆಗೆ ಕೊಟ್ಟ ಮಾತ್ರೆ ಎಂದರೆ ರಾತ್ರಿಯದು" ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಗಟ್ಟಿಯಾಗಿದೆ. ಚೀಟಿಯಲ್ಲಿ 1-0-0, ಅಂದರೆ ಬೆಳಿಗ್ಗೆ ಮಾತ್ರ ಒಂದು, ಎಂದು ಬರೆದಿದ್ದರೂ ಬೆಳಗಿನ ಫ್ಲೂಆಕ್ಸೆಟಿನ್ ಮನೆಯಲ್ಲಿ ರಾತ್ರಿ ಊಟದ ನಂತರಕ್ಕೆ ಹೋಗಿಬಿಡುತ್ತದೆ. ಮಂಪರು ತರುವ ಅಮಿಟ್ರಿಪ್ಟಿಲಿನ್, ಮಿರ್ಟಜಪಿನ್‌ಗಳ ಮಾತು ಬೇರೆ, ಅವು ರಾತ್ರಿಗೇ ಸರಿ. ಅಂಕಿಗಳ ಬದಲು "ಬೆಳಿಗ್ಗೆ ತಿಂಡಿ ಆದ ಮೇಲೆ", "ಮಲಗುವ ಮುನ್ನ" ಎಂದು ಬರೆಯಲು ಎಷ್ಟು ಶಾಯಿ ಖರ್ಚಾದೀತು? ಹೊತ್ತು ಬದಲಿಸಿದ ಮಾರನೆಯ ದಿನವೇ ನಿದ್ದೆ ಸರಿಹೋಗದು, ಫ್ಲೂಆಕ್ಸೆಟಿನ್ ಮೈಯಲ್ಲಿ ದಿನಗಟ್ಟಲೆ ಉಳಿಯುವ ಔಷಧ ಎಂಬುದನ್ನೂ ಹಾಳೆ ಹೇಳಬೇಕು. ಮಧ್ಯಾಹ್ನದ ನಂತರ ಕಾಫಿ, ಚಹಾ ಬೇಡವೆನ್ನಬೇಕು. ಕೇಳದೆ ಮಾತ್ರೆ ನಿಲ್ಲಿಸಬಾರದು, ಕೇಳದೆ ಪ್ರಮಾಣ ಹೆಚ್ಚಿಸಬಾರದು ಎಂಬುದು ದಪ್ಪಕ್ಷರದಲ್ಲಿರಬೇಕು.

ಅದೇ ಹಾಳೆಯಲ್ಲಿ, ಮಾಮೂಲಿ ನಿದ್ದೆಗೇಡಿಗೂ ಅಪಾಯದ ಸೂಚನೆಗೂ ಇರುವ ವ್ಯತ್ಯಾಸ ಇರಬೇಕು. ನಿದ್ದೆ ಇಲ್ಲದೆ ಸುಸ್ತಾಗಿರುವವರು ಮುಂದಿನ ವಿಚಾರಣೆಯವರೆಗೆ ಕಾಯಬಹುದು. ಮೂರು ಗಂಟೆ ಮಲಗಿಯೂ ದಣಿವೇ ಇಲ್ಲದೆ, ವಿಪರೀತ ಮಾತು, ವಿಪರೀತ ಹುರುಪು, ಕೈಬಿಟ್ಟು ಖರ್ಚು ಮಾಡತೊಡಗಿದರೆ ಕಾಯುವಂತಿಲ್ಲ. ಅದು ಒಳಗೆ ಅಡಗಿದ್ದ ಬೈಪೋಲಾರ್ ಕಾಯಿಲೆ ಮೇಲೆದ್ದಿರುವ ಲಕ್ಷಣವಿರಬಹುದು. ಮನೆಯವರು ಅದನ್ನು ಕಂಡು "ಮಾತ್ರೆ ಚೆನ್ನಾಗಿ ಹಿಡಿಯಿತು" ಎಂದು ಸಂತೋಷಪಡುವುದೇ ಹೆಚ್ಚು. ಕೂತಲ್ಲಿ ಕೂರಲಾಗದ ಚಡಪಡಿಕೆ, ಸಾಯುವ ಯೋಚನೆ ಇವೂ ಅದೇ ದಿನ ವೈದ್ಯರ ಗಮನಕ್ಕೆ ಬರಬೇಕಾದವು. ಹಾಳೆಯ ಕೊನೆಗೆ ಟೆಲಿ ಮಾನಸ್ ಸಹಾಯವಾಣಿ 14416 ಎಂದಿರಲಿ. ಅಕ್ಟೋಬರ್ 2022ರಲ್ಲಿ ಶುರುವಾದ, ಹಗಲು-ರಾತ್ರಿ ಕನ್ನಡದಲ್ಲಿಯೇ ಉತ್ತರಿಸುವ ಆ ಸಂಖ್ಯೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಬಹಳ ಜನಕ್ಕೆ ಗೊತ್ತಿಲ್ಲ. ಓದಲು ಬಾರದವರಿಗೆ ಇದೇ ಹಾಳೆಯ ಧ್ವನಿಮುದ್ರಣವನ್ನು ಮೊಬೈಲಿಗೆ ಕಳಿಸಲಿ.

ಎರಡನೆಯದು, ಮಾತ್ರೆ ಶುರುವಾದ ಏಳು ಮತ್ತು ಹದಿನಾಲ್ಕನೇ ದಿನ ಒಂದು ಫೋನ್ ಕರೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರಗಳಿಂದ ನಮಗೆ ದೊಡ್ಡ ಅನುಕೂಲವಾಗಿದೆ, ಅದನ್ನು ಮರೆಯುವುದಿಲ್ಲ. ಆದರೆ ತಿಂಗಳ ಮಾತ್ರೆ ಕೊಟ್ಟು ಕಳಿಸಿದರೆ ತೊಂದರೆ ಬರುವುದು ಮೊದಲ ವಾರ, ವೈದ್ಯರ ಮುಖ ಕಾಣುವುದು ಐದನೇ ವಾರ. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಮಾತ್ರೆ ಆರಂಭಿಸಿದ ಎರಡು ವಾರದೊಳಗೆ ವಿಚಾರಿಸಬೇಕು, 18ರಿಂದ 25ರ ವಯಸ್ಸಿನವರನ್ನೂ ಆತ್ಮಹತ್ಯೆಯ ಆತಂಕವಿರುವವರನ್ನೂ ಒಂದೇ ವಾರದಲ್ಲಿ ನೋಡಬೇಕು ಎನ್ನುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಮಾತ್ರೆಗಳ ಮೇಲೆ ಮಕ್ಕಳು, ಹದಿಹರೆಯದವರ ಬಗ್ಗೆ 2004ರಲ್ಲೂ 24 ವರ್ಷದವರೆಗಿನ ಯುವಜನರ ಬಗ್ಗೆ 2007ರಲ್ಲೂ ಎಚ್ಚರಿಕೆ ಹಾಕಿಸಿತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿರುವ ದಾದಿಯರೋ ಸಮಾಜ ಕಾರ್ಯಕರ್ತರೋ ನಾಲ್ಕು ಪ್ರಶ್ನೆ ಕೇಳಿದರೆ ಸಾಕು: ಯಾವಾಗ ಮಲಗಿದಿರಿ, ಯಾವಾಗ ಎದ್ದಿರಿ, ಮಾತ್ರೆ ಯಾವ ಹೊತ್ತಿಗೆ ತಗೊಂಡಿರಿ, ಮನಸ್ಸಿಗೆ ಏನನ್ನಿಸುತ್ತಿದೆ.

ಮೂರನೆಯದು ಚಿಕ್ಕದು. ಮಾತ್ರೆ ಕೊಡುವ ಮೊದಲು ನಿದ್ದೆ ಹೇಗಿತ್ತು ಎಂಬುದು ಒಪಿಡಿ ಚೀಟಿಯಲ್ಲಿ ದಾಖಲಾಗಲಿ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುವುದು ಖಿನ್ನತೆಯದೇ ಲಕ್ಷಣ. ಹಿಂದಿನದು ಬರೆದಿಲ್ಲದಿದ್ದರೆ ಇದು ಕಾಯಿಲೆಯದೋ ಮಾತ್ರೆಯದೋ ಎಂದು ಯಾರೂ ಹೇಳಲಾರರು. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ಮಲಗಿದ ಹೊತ್ತು, ಎದ್ದ ಹೊತ್ತು ಗುರುತು ಮಾಡಿಕೊಳ್ಳಲು ಹೇಳಿ, ಮಾಡುತ್ತೇವೆ.

ನಾಲ್ಕನೆಯದು ನಿದ್ದೆ ಮಾತ್ರೆಗಳದು. ಆಲ್ಪ್ರಜೋಲಾಮ್, ಡಯಾಜೆಪಾಮ್, ನೈಟ್ರಜೆಪಾಮ್, ಜೋಲ್ಪಿಡೆಮ್ ಇವು 2014ರ ಮಾರ್ಚ್‌ನಿಂದ ಜಾರಿಗೆ ಬಂದ ಷೆಡ್ಯೂಲ್ ಎಚ್1ರಲ್ಲಿವೆ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಯಾರು ಬರೆದರು, ಯಾರಿಗೆ ಎಷ್ಟು ಕೊಟ್ಟರು ಎಂಬ ರಿಜಿಸ್ಟರನ್ನು ಮೂರು ವರ್ಷ ಇಡಬೇಕು. ಹಳೆಯ ಚೀಟಿ ತೋರಿಸಿ ತಿಂಗಳಾನುಗಟ್ಟಲೆ ಕೊಂಡವರು ನಮ್ಮ ನಡುವೆಯೇ ಇದ್ದಾರೆ. ಆರಂಭದ ಕೆಲವು ರಾತ್ರಿಗಳಿಗೆ ವೈದ್ಯರು ಇಂಥ ಮಾತ್ರೆ ಜೊತೆಗೆ ಕೊಡುವುದುಂಟು, ಅದನ್ನು ನಾವು ತಪ್ಪೆನ್ನುವುದಿಲ್ಲ. ಆದರೆ ಯಾವತ್ತು ನಿಲ್ಲಿಸಬೇಕು ಎಂಬ ತಾರೀಖು ಚೀಟಿಯಲ್ಲಿಯೇ ಇರಬೇಕು. ಔಷಧ ನಿಯಂತ್ರಕರೊಂದಿಗೆ ಸೇರಿ ರಿಜಿಸ್ಟರುಗಳ ತಪಾಸಣೆ ನಡೆಸಬೇಕು.

ಐದನೆಯದು, ಮಾತ್ರೆಯಿಲ್ಲದ ನಿದ್ದೆ ಚಿಕಿತ್ಸೆ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದದ್ದು ಸಿಬಿಟಿ-ಐ ಎಂಬ ಮಾತು-ಅಭ್ಯಾಸದ ಚಿಕಿತ್ಸೆ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲೇ ಹೇಳಿದೆ. ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟೇಳುವುದು, ರಾತ್ರಿ ಹೇಗೇ ಕಳೆದಿರಲಿ ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು ಇಂಥ ಪಾಠಗಳನ್ನು ಜಿಲ್ಲಾ ತಂಡದ ಸಿಬ್ಬಂದಿ ಕಲಿತು ಕಲಿಸಬಹುದು. ಒಂದು ಎಚ್ಚರಿಕೆ: ನಮ್ಮ ಬದುಕನ್ನು ನೋಡಿ ಕಲಿಸಲಿ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ರೈತ ಆ ಹೊತ್ತಿಗೇ ನೀರು ಹಾಯಿಸಲು ಏಳಬೇಕು. ಅವನಿಗೆ "ಹತ್ತಕ್ಕೆ ಮಲಗಿ, ಆರಕ್ಕೆ ಏಳಿ" ಎನ್ನುವುದು ಹಾಸ್ಯವಾದೀತು. ರಾತ್ರಿ ಬಸ್ಸು ಓಡಿಸುವ ಚಾಲಕನಿಗೆ ಮಂಪರಿನ ಮಾತ್ರೆ ಕೊಡುವ ಮುನ್ನ ಅವನ ಡ್ಯೂಟಿ ಕೇಳಲೇಬೇಕು. ರಾತ್ರಿ ಬಚ್ಚಲಿಗೆ ಏಳುವ ವಯಸ್ಸಾದವರು ಅಮಿಟ್ರಿಪ್ಟಿಲಿನ್ ಅಮಲಿನಲ್ಲಿ ಬಿದ್ದರೆ ಖಿನ್ನತೆಯ ಜೊತೆಗೆ ಸೊಂಟದ ಮೂಳೆಯದೂ ಚಿಕಿತ್ಸೆಯಾಗಬೇಕಾಗುತ್ತದೆ.

ಕೊನೆಯದಾಗಿ, ದಾಸ್ತಾನು. ಒಂದು ಮಾತ್ರೆಯಿಂದ ನಿದ್ದೆ ಕೆಟ್ಟರೆ ಇನ್ನೊಂದಕ್ಕೆ ಬದಲಿಸಲು ಆ ಇನ್ನೊಂದು ಆಸ್ಪತ್ರೆಯಲ್ಲಿರಬೇಕು. ಅಗತ್ಯ ಔಷಧಗಳ ಪಟ್ಟಿಯಲ್ಲಿರುವವು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲಕ್ಕೂ ಉಚಿತವಾಗಿ ಸಿಗಬೇಕೆಂದು ಅದೇ ಕಾಯ್ದೆಯ 18ನೇ ಕಲಮು ಹೇಳುತ್ತದೆ. ಬೆಳಗಿನ ಮಾತ್ರೆಯೊಂದು, ಮಂಪರಿನ ಮಾತ್ರೆಯೊಂದು, ಹೀಗೆ ಎರಡು ಬಗೆಯಾದರೂ ಯಾವಾಗಲೂ ಇರುವಂತೆ ನೋಡಿಕೊಳ್ಳಬೇಕು.

ಈ ವಿಷಯವನ್ನು ಪ್ರಾಧಿಕಾರದ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ, ಹಾಳೆಯ ಕರಡು ಸಿದ್ಧಪಡಿಸುವ ಸಮಿತಿಯಲ್ಲಿ ಮಾತ್ರೆ ತೆಗೆದುಕೊಂಡು ಅನುಭವವಿರುವ ಇಬ್ಬರಿಗಾದರೂ ಜಾಗ ಕೊಟ್ಟು, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.


ತಮ್ಮ ವಿಶ್ವಾಸಿಗಳು
(ಸಹಿಗಳ ಹಾಳೆ ಲಗತ್ತಿಸಿದೆ)

ಸ್ಥಳ: ಹಾವೇರಿ

ಪ್ರತಿ: ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು, ಬೆಂಗಳೂರು, ರಾಜ್ಯ ಔಷಧ ನಿಯಂತ್ರಕರು, ಬೆಂಗಳೂರು.