ಇಮೇಲ್‌ನ ಮುಖಚಿತ್ರ ಯಾರ ಕೈಯಲ್ಲಿರಬೇಕು?

ಇನ್‌ಬಾಕ್ಸ್ ತೆರೆದರೆ ಪ್ರತಿ ಮೇಲ್‌ನ ಪಕ್ಕದಲ್ಲೂ ಪುಟ್ಟದೊಂದು ವೃತ್ತ. ಕೆಲವುಗಳಲ್ಲಿ ಕಳಿಸಿದವರ ಮುಖ, ಕೆಲವುಗಳಲ್ಲಿ ಕಂಪನಿಯ ಲಾಂಛನ, ಉಳಿದವುಗಳಲ್ಲಿ ಹೆಸರಿನ ಮೊದಲಕ್ಷರ. ಬರೀ ಅಲಂಕಾರವೆಂದು ನಾವು ದಾಟಿ ಹೋಗುತ್ತೇವೆ. ಆದರೆ ಆ ಚಿತ್ರಕ್ಕಾಗಿ ನಮ್ಮ ತಂತ್ರಾಂಶ ಯಾರ ಬಳಿ ವಿಚಾರಿಸಿತು, ವಿಚಾರಿಸುವಾಗ ನಮ್ಮ ಬಗ್ಗೆ ಏನೇನು ಬಾಯಿಬಿಟ್ಟಿತು ಎಂಬುದು ಖಾಸಗಿತನದ ಪ್ರಶ್ನೆ. ಚಿತ್ರವನ್ನು ಕೂಡಿಡುವುದು ಸುಲಭ. ತೊಡಕೆಲ್ಲ ಅದನ್ನು ಹುಡುಕುವ ಬಗೆಯಲ್ಲಿದೆ.

ಅಮೆರಿಕದ ಬೆಲ್ ಲ್ಯಾಬ್ಸ್‌ನ ರಾಬ್ ಪೈಕ್ ಮತ್ತು ಡೇವ್ ಪ್ರೆಸೊಟ್ಟೊ 1985ರಲ್ಲಿ ವಿವರಿಸಿದ ವ್ಯವಸ್ಥೆಯಲ್ಲಿ ಹೊಸ ಮೇಲ್ ಬಂದೊಡನೆ ಕಳಿಸಿದವರ ಮುಖ ಪರದೆಯಲ್ಲಿ ಮೂಡುತ್ತಿತ್ತು. ಉದ್ದಕ್ಕೆ 48, ಅಗಲಕ್ಕೆ 48 ಚುಕ್ಕಿಗಳು. ಬರೀ ಕಪ್ಪು-ಬಿಳುಪಿನಲ್ಲಾದರೆ ಅಂಥ ಒಂದು ಮುಖಕ್ಕೆ 288 ಬೈಟ್ ಸಾಕು. ಇದೇ ಅಳತೆಯನ್ನು ಹಿಡಿದು ಬಂದ 'ಎಕ್ಸ್-ಫೇಸ್' ಎಂಬ ಪದ್ಧತಿಯಲ್ಲಿ ಕಳಿಸುವವರೇ ತಮ್ಮ ಚಿತ್ರವನ್ನು ಕುಗ್ಗಿಸಿ ಮೇಲ್‌ನ ತಲೆಬರಹದೊಳಗೆ ಸೇರಿಸುತ್ತಿದ್ದರು. ಯಾರನ್ನೂ ಕೇಳುವ ಪ್ರಮೇಯವೇ ಇರಲಿಲ್ಲ.

ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಕಿನ್ಸ್‌ಲರ್ ನೋಡಿಕೊಳ್ಳುತ್ತಿದ್ದ 'ಪಿಕಾನ್ಸ್' ಸಂಗ್ರಹದ ಜೋಡಣೆ ಇನ್ನೂ ಸೊಗಸು. ಇಮೇಲ್ ವಿಳಾಸದ ಡೊಮೈನನ್ನು ಹಿಂದುಮುಂದು ಮಾಡಿ, ಜಿಲ್ಲೆಯೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಊರು ಎಂಬಂತೆ, ಫೋಲ್ಡರ್‌ನೊಳಗೆ ಫೋಲ್ಡರ್ ಇಡುತ್ತಿದ್ದರು. ವ್ಯಕ್ತಿಯ ಚಿತ್ರ ಸಿಗದಿದ್ದರೆ ವಿಭಾಗದ್ದು, ಅದೂ ಇಲ್ಲದಿದ್ದರೆ ವಿಶ್ವವಿದ್ಯಾಲಯದ್ದು. ಇಡೀ ಸಂಗ್ರಹವನ್ನು ಇಳಿಸಿಕೊಂಡು ತಮ್ಮ ಯಂತ್ರದಲ್ಲೇ ಹುಡುಕಬಹುದಿತ್ತು, ಹಾಗಾಗಿ ಯಾರು ಯಾರ ಪತ್ರ ಓದುತ್ತಿದ್ದಾರೆಂದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಸಾವಿರಾರು ಜನರ ಜಾಲಕ್ಕೆ ಇದು ಸರಿ. ಇಮೇಲ್ ಕೋಟಿಗಟ್ಟಲೆ ಜನರದ್ದಾದಾಗ, ದಿನಾ ಕೆಲಸ ಬದಲಿಸುವ, ವಿಳಾಸ ಬದಲಿಸುವ ಅಷ್ಟೂ ಮುಖಗಳನ್ನು ಹೀಗೆ ಕೈಯಾರೆ ಜೋಡಿಸಿಡುವುದು ಆಗದ ಮಾತು.

ಆ ಜಾಗಕ್ಕೆ ಬಂದದ್ದು ಗ್ರಾವಟಾರ್. ಟಾಮ್ ಪ್ರೆಸ್ಟನ್-ವರ್ನರ್ 2004ರಲ್ಲಿ ಆರಂಭಿಸಿದ ಇದನ್ನು ವರ್ಡ್‌ಪ್ರೆಸ್ ಹಿಂದಿರುವ ಆಟೊಮ್ಯಾಟಿಕ್ ಕಂಪನಿ 2007ರಲ್ಲಿ ಕೊಂಡಿತು. ಒಮ್ಮೆ ಚಿತ್ರ ಏರಿಸಿದರೆ ಸಾಕು, ಸಾವಿರಾರು ತಾಣಗಳಲ್ಲಿ ಅದೇ ಕಾಣಿಸುತ್ತದೆ. ಹುಡುಕುವ ಕೀಲಿ ಇಮೇಲ್ ವಿಳಾಸವಾಗಿರಲಿಲ್ಲ, ಎಂಡಿ5 ಸೂತ್ರದಿಂದ ಅದನ್ನು ಅರೆದು ತೆಗೆದ 32 ಅಕ್ಷರಗಳ 'ಹ್ಯಾಷ್' ಆಗಿತ್ತು. ಹ್ಯಾಷ್‌ನಿಂದ ನೇರವಾಗಿ ವಿಳಾಸಕ್ಕೆ ಹಿಂದಿರುಗಲು ಬರುವುದಿಲ್ಲ, ಆದ್ದರಿಂದ ಗುಟ್ಟು ಭದ್ರ ಎಂಬ ನಂಬಿಕೆ.

ಆ ನಂಬಿಕೆಯ ಬುಡವೇ ಟೊಳ್ಳು. ಹಿಂದಿರುಗುವ ಅಗತ್ಯವಾದರೂ ಏನು? ಒಂದೇ ವಿಳಾಸ ಪ್ರತಿ ಸಲವೂ ಒಂದೇ ಹ್ಯಾಷ್ ಕೊಡುತ್ತದೆ. ಜನರ ವಿಳಾಸಗಳೋ, ಹೆಸರು, ಚುಕ್ಕಿ, ಹುಟ್ಟಿದ ವರ್ಷ, ಕೊನೆಗೆ ಜಿಮೇಲ್ — ಊಹೆಗೆ ಸುಲಭವಾಗಿ ಸಿಗುವಂಥವು. ಕೋಟ್ಯಂತರ ಊಹೆಗಳನ್ನು ಅರೆದು ತಾಳೆ ನೋಡುವುದು ಇಂದಿನ ಗ್ರಾಫಿಕ್ಸ್ ಕಾರ್ಡಿಗೆ ಲೆಕ್ಕಕ್ಕೇ ಇಲ್ಲದ ಕೆಲಸ. 2013ರಲ್ಲಿ ಭದ್ರತಾ ಸಂಶೋಧಕ ಡೊಮಿನಿಕ್ ಬೊಂಗಾರ್ ಫ್ರಾನ್ಸ್‌ನ ರಾಜಕೀಯ ಚರ್ಚಾ ವೇದಿಕೆಯೊಂದರಲ್ಲಿ ಗುಪ್ತನಾಮದಿಂದ ಬರೆಯುತ್ತಿದ್ದ ಅನೇಕರ ಇಮೇಲ್‌ಗಳನ್ನು ಹೀಗೆಯೇ ಪತ್ತೆಹಚ್ಚಿ ತೋರಿಸಿದರು. 2020ರಲ್ಲಿ ಇನ್ನೊಂದು ಹುಳುಕು ಹೊರಬಿತ್ತು. ಗ್ರಾವಟಾರ್ ಪ್ರೊಫೈಲ್‌ಗಳನ್ನು ಕ್ರಮಸಂಖ್ಯೆಯಿಂದಲೂ ತೆರೆಯಬಹುದಿತ್ತು. ಒಂದು, ಎರಡು, ಮೂರು ಎನ್ನುತ್ತ ಹೋದರಾಯಿತು. ಸುಮಾರು 16.7 ಕೋಟಿ ಹೆಸರು ಮತ್ತು ಹ್ಯಾಷ್‌ಗಳು ಹೊರಗಿನವರ ಕೈ ಸೇರಿದವು, ಅವುಗಳಲ್ಲಿ 11.4 ಕೋಟಿಯಷ್ಟು ಹ್ಯಾಷ್‌ಗಳನ್ನು ಒಡೆದು ವಿಳಾಸ ತೆಗೆದು ಹಂಚಲಾಯಿತು. ಎಂಡಿ5 ಬಿಟ್ಟು ಎಸ್‌ಎಚ್‌ಎ-256 ಬಳಸಿದರೂ ಮೂಲ ದೋಷ ಉಳಿಯುತ್ತದೆ: ಊಹಿಸಬಲ್ಲದ್ದನ್ನು ಎಷ್ಟು ಬಲವಾಗಿ ಅರೆದರೂ ಅದು ಊಹೆಗೆ ಸಿಗುತ್ತದೆ.

ಇದು ಇಮೇಲ್‌ಗಷ್ಟೇ ಅಂಟಿದ ರೋಗವಲ್ಲ. ವಿಯೆನ್ನಾ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫೋನ್ ನಂಬರುಗಳನ್ನು ಒಂದರ ಮೇಲೊಂದು ಕೇಳುತ್ತಲೇ ಸುಮಾರು 350 ಕೋಟಿ ವಾಟ್ಸ್‌ಆ್ಯಪ್ ಖಾತೆಗಳನ್ನು ಗುರುತಿಸಿದ್ದರು. ಅರ್ಧಕ್ಕಿಂತ ಹೆಚ್ಚು ಖಾತೆಗಳ ಪ್ರೊಫೈಲ್ ಚಿತ್ರ ಎಲ್ಲರಿಗೂ ತೆರೆದಿತ್ತು. ಖಾತೆಗಳ ಸಂಖ್ಯೆಯಲ್ಲಿ ಭಾರತವೇ ಮುಂದು. ನಮ್ಮಲ್ಲಿ ಇಮೇಲ್ ಬಳಸದವರೂ ವಾಟ್ಸ್‌ಆ್ಯಪ್ ಡಿಪಿಯಲ್ಲಿ ಮೊಮ್ಮಗಳ ಫೋಟೊ ಹಾಕಿರುತ್ತಾರೆ. ನೋಡುವವರು ನೆಂಟರಷ್ಟೇ ಎಂದು ಅವರ ಎಣಿಕೆ.

ಇನ್ನು ಮುಖವೇ ನಂಬಿಕೆಯ ಗುರುತಾಗುವ ಅಪಾಯ. ಕಂಪನಿಗಳ ಲಾಂಛನಕ್ಕೆಂದು ಬಂದ 'ಬಿಮಿ' ವ್ಯವಸ್ಥೆಯಲ್ಲಿ ಡೊಮೈನಿನ ಡಿಎನ್‌ಎಸ್ (ಅಂತರ್ಜಾಲದ ವಿಳಾಸ ಸೂಚಿ) ದಾಖಲೆಯೇ ಲಾಂಛನ ಎಲ್ಲಿದೆಯೆಂದು ಹೇಳುತ್ತದೆ. ಹುಡುಕುವ ವಿಧಾನವಾಗಿ ಇದು ಒಳ್ಳೆಯದೇ. ಆದರೆ 2023ರ ಮೇನಲ್ಲಿ ಜಿಮೇಲ್ ಇದಕ್ಕೆ ನೀಲಿ ಟಿಕ್ ಸೇರಿಸಿದ ಕೆಲವೇ ವಾರಗಳಲ್ಲಿ ಯುಪಿಎಸ್ ಕೊರಿಯರ್ ಕಂಪನಿಯ ಸೋಗು ಹಾಕಿದ ಮೇಲ್ ಒಂದು ಲಾಂಛನ, ಟಿಕ್ ಎರಡನ್ನೂ ಧರಿಸಿಕೊಂಡು ಬಂತು. ಗೂಗಲ್ ಆಮೇಲೆ ನಿಯಮ ಬಿಗಿಮಾಡಿತು. ಟಿಕ್ ಕಂಡು ಓಟಿಪಿ ಒಪ್ಪಿಸುವವರಿಗೆ ತೆರೆಯ ಹಿಂದಿನ ಈ ತಿದ್ದುಪಡಿಗಳು ಎಲ್ಲಿ ಗೊತ್ತಾಗಬೇಕು?

ಹಾಗೆಂದು ಮುಖಚಿತ್ರಗಳೇ ಬೇಡ ಎನ್ನಬೇಕಿಲ್ಲ. ನೂರಾರು ಮೇಲ್‌ಗಳ ನಡುವೆ ಪರಿಚಿತ ಮುಖ ಕಣ್ಣಿಗೆ ಬಿದ್ದರೆ ಆಗುವ ಅನುಕೂಲ ನಿಜವಾದದ್ದು. ಎಲ್ಲರ ಮುಖವೂ ಒಂದೇ ಉಗ್ರಾಣದಲ್ಲಿರಬೇಕೆಂಬ ಹಟ ಮಾತ್ರ ಬೇಡ. ಮುಕ್ತ ತಂತ್ರಾಂಶ ಬಳಗದ ಲಿಬ್ರಾವಟಾರ್‌ನಲ್ಲಿ ಡೊಮೈನಿನ ಒಡೆಯರು ತಮ್ಮವರ ಚಿತ್ರಗಳನ್ನು ತಮ್ಮದೇ ಸರ್ವರ್‌ನಲ್ಲಿ ಇಟ್ಟು, ಡಿಎನ್‌ಎಸ್ ಮೂಲಕ ದಾರಿ ತೋರಿಸಬಹುದು. ವಿಶ್ವವಿದ್ಯಾಲಯಗಳಿಗೆ, ಸರ್ಕಾರಿ ಇಲಾಖೆಗಳಿಗೆ ಹೇಳಿಮಾಡಿಸಿದ ವಿಧಾನವಿದು. ಉಚಿತ ಮೇಲ್ ಬಳಸುವ ಸಾಮಾನ್ಯರಿಗೆ ಇದರಿಂದ ಹೆಚ್ಚೇನೂ ದಕ್ಕದು ಎಂಬುದೂ ನಿಜ. ಅವರ ಮಟ್ಟಿಗೆ ತಂತ್ರಾಂಶ ಮೊದಲು ಫೋನಿನಲ್ಲೇ ಇರುವ ವಿಳಾಸ ಪುಸ್ತಕ ನೋಡಲಿ, ಅಲ್ಲಿ ಚಿತ್ರವಿಲ್ಲದಿದ್ದರೆ ಮೊದಲಕ್ಷರ ತೋರಿಸಿ ಸುಮ್ಮನಾಗಲಿ. ಹೊರಗಿನ ಸರ್ವರ್ ಕೇಳಲೇಬೇಕಿದ್ದರೆ ಮೇಲ್ ಸೇವೆ ತನ್ನ ಹೆಸರಿನಲ್ಲಿ ಕೇಳಿ ಚಿತ್ರವನ್ನು ತನ್ನಲ್ಲೇ ಉಳಿಸಿಕೊಳ್ಳಲಿ. ಓದುಗನ ಐಪಿ ವಿಳಾಸವಾಗಲಿ, ಪತ್ರ ತೆರೆದ ಹೊತ್ತಾಗಲಿ ಅಲ್ಲಿಗೆ ತಲುಪಬಾರದು. ವಾಟ್ಸ್‌ಆ್ಯಪ್‌ನಂಥ ಕಡೆಯೂ ಪ್ರೊಫೈಲ್ ಚಿತ್ರ 'ಎಲ್ಲರಿಗೂ' ಕಾಣಬೇಕೆಂದು ಬಳಕೆದಾರರು ತಾವಾಗಿ ಆರಿಸಿಕೊಳ್ಳುವವರೆಗೆ ಅದು ಪರಿಚಿತರಿಗಷ್ಟೇ ಕಾಣುವಂತಿರಬೇಕು. ಇದಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಹಾಕಿಟ್ಟ ಗುರುತನ್ನು ಕಂಪನಿಗಳು ಒಂದು ಸಾಲು ಕೆಳಕ್ಕೆ ಇಳಿಸಿದರೆ ಆಯಿತು.