ತಂಗಡಿ ಹೂವಿಗೆ ಯಾರು ರುಜು ಹಾಕುತ್ತಾರೆ?

ಮಡಕಶಿರಾ ಕಡೆಯಿಂದ ಪಾವಗಡಕ್ಕೆ ಹುಣಸೆಹಣ್ಣು ಹೊತ್ತು ಹೋಗುವ ನಮ್ಮವರ ಹತ್ತಿರ ಇನ್ನೊಂದು ಸಣ್ಣ ಗಂಟೂ ಇರುತ್ತದೆ. ನೆರಳಲ್ಲಿ ಒಣಗಿಸಿದ ತಂಗಡಿ ಹೂವು, ಸೊಗದೆ ಬೇರು, ಚಿಲ್ಲದ ಬೀಜ. ಗ್ರಂಧಿಗೆ ಅಂಗಡಿಯ ಸಾಹುಕಾರರು ತೂಕ ಹಾಕಿ ದುಡ್ಡು ಕೊಟ್ಟರೆ ಮುಗಿಯಿತು. ಈ ಸಲ ಮಾತ್ರ ಅವರು, "ಯಜಮಾನ್ರೇ, ಇದು ಹೊಲದ್ದೋ ಗುಡ್ಡದ್ದೋ? ಮೇಲಿನೋರು ಕಾಗದ ಕೇಳ್ತಾವ್ರೆ" ಅಂದರು.

ಈ ಪ್ರಶ್ನೆಯ ಹಿಂದೆ ಒಂದು ಕಾನೂನಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಗಿಡಮೂಲಿಕೆಯಿಂದ ವ್ಯಾಪಾರ ಮಾಡುವ ಕಂಪನಿ ಲಾಭದಲ್ಲಿ ಒಂದು ಪಾಲನ್ನು ಆ ಗಿಡ ಕಾಪಾಡಿದ ಜನರಿಗೆ ಕೊಡಬೇಕು. ದೇಶದೊಳಗಿನ ಕಂಪನಿಗೂ ಇದು ಅನ್ವಯ ಎಂದು ಉತ್ತರಾಖಂಡ ಹೈಕೋರ್ಟು 2018ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಆಮೇಲೆ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, 2024ರ ಏಪ್ರಿಲ್ 1ರಿಂದ ಜಾರಿಯಾಯಿತು. ಈಗ ಹೊಲದಲ್ಲಿ ಬೆಳೆದ ಔಷಧಿ ಗಿಡಕ್ಕೆ ಪಾಲು ಕೊಡಬೇಕಿಲ್ಲ. ಗ್ರಂಥಗಳಲ್ಲಿ ಬರೆದಿಟ್ಟ ಜ್ಞಾನಕ್ಕೂ ಕೊಡಬೇಕಿಲ್ಲ. ಗ್ರಂಥ ಎಂದರೆ 1940ರ ಔಷಧ ಕಾಯ್ದೆಯ ಪಟ್ಟಿಯಲ್ಲಿರುವ ಪುಸ್ತಕಗಳು.

ಚಿಲ್ಲದ ಬೀಜವನ್ನೇ ನೋಡಿ. ಕೆರೆ ನೀರು ಕೆಂಪಗೆ ಬಗ್ಗಡವಾಗಿದ್ದಾಗ ನಮ್ಮಜ್ಜಿ ಗಡಿಗೆಯ ಒಳಮೈಗೆ ಈ ಬೀಜ ತೇಯ್ದು ನೀರು ತುಂಬಿಸುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಮಣ್ಣೆಲ್ಲ ತಳಕ್ಕಿಳಿದು ನೀರು ತಿಳಿಯಾಗಿರುತ್ತಿತ್ತು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಇದೇ ಬೀಜ ಕತಕ ಎಂಬ ಹೆಸರಿನಲ್ಲಿ ಸುಶ್ರುತ ಸಂಹಿತೆಯಲ್ಲಿದೆ. ಹಾಗಾಗಿ ಅಜ್ಜಿಯ ವಿದ್ಯೆ ಕಾನೂನಿನ ಕಣ್ಣಿಗೆ ಪುಸ್ತಕದ ವಿದ್ಯೆ, ಅದಕ್ಕೆ ಪಾಲಿಲ್ಲ. ಸರಿ, ಹೋಗಲಿ. ಪುಸ್ತಕದಲ್ಲಿ ಇಲ್ಲದ್ದಾದರೂ ನಮ್ಮದೇ ಎಂದು ತೋರಿಸಬೇಕಲ್ಲ? ಅದು ಬರೆದಿರಬೇಕಾದದ್ದು ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ.

ಇಲ್ಲೇ ತೊಡಕಿರುವುದು. 2020ರ ಜನವರಿ 31ರೊಳಗೆ ಎಲ್ಲ ಕಡೆ ದಾಖಲಾತಿ ಮುಗಿಯಬೇಕು, ಇಲ್ಲವಾದರೆ ರಾಜ್ಯಕ್ಕೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಎಂದು ಹಸಿರು ನ್ಯಾಯಮಂಡಳಿ ಗಡುವು ಹಾಕಿತ್ತು. ಗಡುವಿನ ಕೆಲಸ ಹೇಗಿರುತ್ತದೆ ಎಂಬುದು ರೈತರಿಗೆ ಹೇಳಬೇಕಿಲ್ಲ, ಬೆಳೆ ಪರಿಹಾರದ ಪಟ್ಟಿ ನೋಡಿದವರು ನಾವು. ಗಡಿಯ ಒಂದು ಪಂಚಾಯಿತಿಯ ದಾಖಲೆ ಕಂಡೆ. ತೆಲುಗಿನಲ್ಲಿ 'ತಂಗೇಡು' ಎಂದು ಬರೆದು, ಉಪಯೋಗದ ಜಾಗದಲ್ಲಿ 'ಔಷಧಿ' ಎಂದು ಒಂದೇ ಪದ!

ತಂಗಡಿಯ ಕಥೆ ಒಂದು ಪದದಲ್ಲಿ ಮುಗಿಯುತ್ತದೆಯೇ? ತೆಲಂಗಾಣಕ್ಕೆ ಅದು ರಾಜ್ಯದ ಹೂವು, ಬತುಕಮ್ಮದಲ್ಲಿ ಜೋಡಿಸುವ ಹೂವು. ತೊಗಟೆ ಚರ್ಮ ಹದ ಮಾಡುವವರಿಗೆ ಬೇಕು. ನಮ್ಮವ್ವ ಒಣ ಹೂವನ್ನು ಹೆಸರುಕಾಳಿನ ಜೊತೆ ಬೀಸಿ ಮೈಗೆ ತಿಕ್ಕುವ ಪುಡಿ ಮಾಡುತ್ತಿದ್ದಳು. ಸಕ್ಕರೆ ಕಾಯಿಲೆಯವರು ಹೂವು ಕುದಿಸಿ ಕುಡೀತಾರೆ (ಕುಡಿಯಲಿ, ಡಾಕ್ಟರ ಮಾತ್ರೆ ಮಾತ್ರ ಬಿಡುವುದು ಬೇಡ). ಹೆಸರೂ ಅಷ್ಟೇ. ನಾವು ತಂಗಡಿ ಎನ್ನುವುದನ್ನು ಮೈಸೂರು ಕಡೆಯವರು ಆವರಿಕೆ ಎನ್ನುತ್ತಾರೆ. ಸೋನಾಮುಖಿ ಸೊಪ್ಪಿಗೆ ಕನ್ನಡದಲ್ಲಿ ನೆಲಾವರಿಕೆ, ತೆಲುಗಿನಲ್ಲಿ ನೇಲತಂಗೇಡು. ಎರಡು ಭಾಷೆಯ ಅಜ್ಜಿಯರೂ ಒಂದೇ ಗಿಡ ನೋಡಿ ಒಂದೇ ಥರ ಹೆಸರಿಟ್ಟಿದ್ದಾರೆ. ದಾಖಲೆಯಲ್ಲಿ ಒಂದೇ ಭಾಷೆ ಉಳಿದರೆ ಕನ್ನಡದವನು ಹೇಳಿದ ಮದ್ದಿಗೆ ಲೆಕ್ಕವೇ ಇರುವುದಿಲ್ಲ.

ಬೆಳೆಗಾರರಿಗೆ ಇನ್ನೊಂದು ಪೇಚು. ಮಳೆ ಕೈಕೊಡುವ ನಮ್ಮ ಅನಂತಪುರ ಸೀಮೆಯಲ್ಲಿ ಪೆನ್ನೇರುಗಡ್ಡ, ಅಂದರೆ ಅಶ್ವಗಂಧ ಹಾಕುವವರಿದ್ದಾರೆ. ಕನ್ನಡದಲ್ಲಿ ಹಿರೇಮದ್ದು. ಅದು ಹೊಲದ್ದೇ ಎಂದು ಮೂಲದ ಪ್ರಮಾಣಪತ್ರ ಕೊಡಬೇಕಾದದ್ದು ಪಂಚಾಯಿತಿಯ ಜೀವವೈವಿಧ್ಯ ಸಮಿತಿ. ಸಮಿತಿ ಬರೀ ಕಾಗದದ ಮೇಲಿದ್ದರೆ ರುಜು ಯಾರದ್ದು? ನಿಜವಾಗಿ ಬೆಳೆದವನು ಕಾಗದಕ್ಕೆ ಅಲೆಯುತ್ತಾನೆ. ದಲ್ಲಾಳಿಯಾದವನು ಗುಡ್ಡದ ಹೂವನ್ನೇ 'ಬೆಳೆದದ್ದು' ಎಂದು ಬರೆಸಿಕೊಂಡು ಹೋದರೆ ಕಂಪನಿ ಪಾಲಿನಿಂದ ತಪ್ಪಿಸಿಕೊಳ್ಳುತ್ತದೆ, ಹೂವು ಬಿಡಿಸಿದ ಹೆಣ್ಣುಮಕ್ಕಳಿಗೆ ಕೂಲಿಯಷ್ಟೇ. ವ್ಯಾಪಾರದ ಮಿತ್ರರು ನನ್ನ ಮೇಲೆ ಸಿಟ್ಟಾಗಬಾರದು. ಗುಡ್ಡದ್ದನ್ನು ಗುಡ್ಡದ್ದೆಂದೇ ಬರೆಯಿರಿ.

ಮನೆಯಲ್ಲಿ ಅವ್ವನ ಡಬ್ಬಿಗಳನ್ನೆಲ್ಲ ತೆಗೆದು ಇಪ್ಪತ್ತೆರಡು ಹೆಸರು ಬರೆದಿದ್ದೇನೆ. ಒಂದು ಕಡೆ ಕನ್ನಡ, ಒಂದು ಕಡೆ ತೆಲುಗು, ಪಕ್ಕದಲ್ಲಿ ಯಾವ ತಿಂಗಳು ಕೀಳಬೇಕು, ಹೇಗೆ ಒಣಗಿಸಬೇಕು ಅಂತ. ಬರುವ ಗ್ರಾಮಸಭೆಯಲ್ಲಿ ಅದನ್ನು ಕೊಟ್ಟು ದಾಖಲಾತಿಗೆ ಸೇರಿಸಿ ಎಂದು ಅರ್ಜಿ ಹಾಕ್ತೀನಿ. ಅವ್ವ ಮಾತ್ರ, "ಓಮ ಬರೆದೇನೋ?" ಅಂತ ಇನ್ನೂ ಕೇಳ್ತಾನೇ ಇದ್ದಾಳೆ.